ಗೋಡೆಯಲ್ಲಿ ಬಿಟ್ಟ ದಾರಿ

ಚಂಡಮಾರುತ ಬಂದುಹೋದ ವರ್ಷ ನಮ್ಮೂರಿನ ಕಡಲಂಚಿಗೆ ಗೋಡೆ ಕಟ್ಟಿದವನು ನಾನೇ. ಫಿಜಿಯ ಈ ಪಶ್ಚಿಮ ತೀರದಲ್ಲಿ ಧರ್ಮೇನ್ ಮೇಸ್ತ್ರಿ ಎಂದರೆ ಆ ಗೋಡೆಯ ಮೇಸ್ತ್ರಿ ಎಂದೇ ಗುರುತು. ಎದೆಮಟ್ಟದ ಗೋಡೆ, ಆಮೇಲೆ ಎರಡು ಸಲ ಕಡಲು ಉಕ್ಕಿದರೂ ಒಂದು ಕಲ್ಲು ಅಲುಗಲಿಲ್ಲ. ಅದರ ಜಂಬ ನನಗಿತ್ತು.

ಹತ್ತು ವರ್ಷದ ಮೇಲೆ ನಗರಸಭೆ ಅಲ್ಲಿನ ಉದ್ಯಾನವನ್ನು ಹೊಸದು ಮಾಡಲು ಹೊರಟಾಗ ಕಾಲುದಾರಿಗೆ ಕಲ್ಲು ಹಾಸುವ ಕೆಲಸ ನನಗೆ ಬಂತು. ಮೊದಲ ದಿನವೇ ಕಂಡವರು ಅಕೆನೇಟಾ. ಸಕ್ಕರೆ ಕಾಯಿಲೆಯಿಂದ ಎಡಗಾಲು ಕಳೆದುಕೊಂಡಿದ್ದ ಎಪ್ಪತ್ತರ ಹೆಂಗಸು. ಸೊಸೆ ಮಾರುಕಟ್ಟೆಗೆ ಹೋಗುವಾಗ ಅವರನ್ನು ಗಾಲಿಕುರ್ಚಿಯಲ್ಲಿ ತಂದು ಮರದ ನೆರಳಲ್ಲಿ ಬಿಡುತ್ತಿದ್ದಳು. ಅವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು.

“ಬುಬು, ಗೋಡೆ ಮೇಲೇನ್ ಸಿನಿಮಾ ಬರ್ತಿದ್ಯಾ?” ಅಂದೆ. ಅಜ್ಜಿಯರನ್ನೆಲ್ಲ ನಾವು ಕರೆಯುವುದು ಹಾಗೇ.

“ಕಡಲು ನೋಡ್ತಿದೀನಿ ಮಗಾ.”

“ಕಾಣ್ಸುತ್ತಾ?”

“ಎಲ್ಲಿ ಕಾಣ್ಸುತ್ತೆ! ನಲವತ್ತು ವರ್ಷ ಇದೇ ನೀರಲ್ಲಿ ಸೊಂಟದ ಮಟ ನಿಂತು ಚಿಪ್ಪು ಹೆಕ್ಕಿ ಮಕ್ಕಳನ್ನ ಸಾಕ್ದೆ. ಈಗ ಬರೀ ಸದ್ದು ಕೇಳ್ಕೊಂಡು ಕೂತಿರ್ತೀನಿ. ಈ ಗೋಡೆ ಕಟ್ಟಿದೋನು ಸಿಕ್ಕಿದ್ರೆ ಕಿವಿ ಹಿಂಡ್ತಿದ್ದೆ.”

ನಾನು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಕಣ್ಣೆದುರು ಇದ್ದದ್ದು ನಾನೇ ಬಳಿದ ಸಿಮೆಂಟು, ಅದರ ಮೇಲೆ ಆಕಾಶ. ಕಡಲು ಒಂದು ಹನಿಯೂ ಇಲ್ಲ. ತಲೆ ಬಗ್ಗಿಸಿ ಕಿವಿ ಮುಂದೆ ಮಾಡಿದೆ. “ಹಿಂಡಿ ಬುಬು.”

ಅವರು ನಿಜವಾಗಿಯೂ ಹಿಂಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೀನಾ! ಗಟ್ಟಿಯಾಗೇ ಕಟ್ಟಿದೀಯ ಕಣೋ, ಹಾಳಾದೋನೇ. ನಮ್ಮನೆ ಕೊಚ್ಚಿಹೋಗ್ದೆ ಉಳ್ದಿದ್ದೂ ಇದ್ರಿಂದಲೇ.”

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಉದ್ಯಾನದ ಅಧಿಕಾರಿ ಸಕಿಯಾಸಿಯವರ ಹತ್ತಿರ ಹೋಗಿ, ಗೋಡೆಯಲ್ಲಿ ಗಾಲಿಕುರ್ಚಿ ಹೋಗುವಷ್ಟು ದಾರಿ ಒಡೆಯೋಣ ಅಂದೆ. “ನಕ್ಷೆ ಮುಗಿದಿದೆ ಮೇಸ್ತ್ರಿ. ಗೋಡೆ ಒಡೆದ್ರೆ ಕಡಲು ಒಳಗೆ ಬರುತ್ತೆ,” ಅಂದರು.

“ಒಂದ್ಸಲ ಬಂದು ಕೂತ್ಕೊಳ್ಳಿ ಸಾರ್, ಅಷ್ಟೇ.”

ಬಂದರು. ಬುಬು ನನ್ನ ಹೆಗಲು ಹಿಡಿದು ಬೆಂಚಿಗೆ ಸರಿದರು. ಸಕಿಯಾಸಿ ಗಾಲಿಕುರ್ಚಿಯಲ್ಲಿ ಕೂತರು.

“ನೋಟ ಹೇಗಿದೆ ಸಾಹೇಬ್ರೇ?” ಎಂದು ಬುಬು ಕೆಣಕಿದರು.

ಸಕಿಯಾಸಿ ಕತ್ತು ಉದ್ದ ಮಾಡಿ ನೋಡಿ ನನ್ನತ್ತ ತಿರುಗಿದರು. “ಬಿರುಗಾಳಿ ಬಂದ್ರೆ?”

“ಒಡೆದ ಜಾಗದ ಎರಡೂ ಬದಿ ಹಲಗೆ ಕೂರೋ ಸಂದು ಬಿಟ್ಟಿರ್ತೀನಿ ಸಾರ್. ಎಚ್ಚರಿಕೆ ಬಂದ ಕೂಡ್ಲೇ ದಪ್ಪ ಹಲಗೆ ಇಳಿಸಿದ್ರಾಯ್ತು.”

ಒಪ್ಪಿಗೆ ಬರಲು ಎರಡು ತಿಂಗಳು ಹಿಡಿಯಿತು. ನನ್ನ ಗೋಡೆಯಲ್ಲಿ ಅಷ್ಟು ಜಾಗ ಒಡೆಯಲು ನನಗೇ ಮೂರು ದಿನ ಬೇಕಾಯಿತು. ಸುತ್ತಿಗೆ ಎಸೆದು ನನ್ನನ್ನೇ ಬೈದುಕೊಂಡೆ. ಆ ಜಾಗದಿಂದ ನೀರಿನೊಳಕ್ಕೆ ಇಳಿಜಾರು ಹಾದಿ, ಪಕ್ಕಕ್ಕೆ ಹಿಡಿಕಂಬಿ ಮಾಡಿದೆ.

ಕಡಲು ಭರತದಲ್ಲಿದ್ದ ಒಂದು ಬೆಳಿಗ್ಗೆ ಬುಬುವನ್ನು ನಾನೇ ತಳ್ಳಿಕೊಂಡು ಇಳಿದೆ. ನೀರು ಅವರ ಪಾದ ಮುಟ್ಟಿತು. ಬಗ್ಗಿ, ಬೊಗಸೆಯಲ್ಲಿ ಎತ್ತಿ ಮುಖ ತೊಳೆದುಕೊಂಡರು. ಮತ್ತೆ ಮತ್ತೆ ತೊಳೆದುಕೊಂಡರು. ನಾನು ಬೇರೆ ಕಡೆ ನೋಡಿದೆ.

“ಇನ್ನೊಂದ್ ಸ್ವಲ್ಪ ಮುಂದೆ ತಳ್ಳೋ,” ಅಂದರು ಕೊನೆಗೆ. “ಹೆದರ್ಬೇಡ, ನಂಗೆ ಈಜು ಬರುತ್ತೆ.”

“ಕುರ್ಚಿಗೆ ಬರಲ್ವಲ್ಲ ಬುಬು!”

ಮುಂದಿನ ಶನಿವಾರ ಅವರ ಮನೆಮಂದಿಯೆಲ್ಲ ಹೊಸ ಹುಲ್ಲುಹಾಸಿನ ಮೇಲೆ ಸೇರಿದ್ದರು. ಬುಬು ಮೂರು ತಿಂಗಳು ಕೂತು ಹೆಣೆದ ಚಾಪೆಯನ್ನೂ ಇಲ್ಲಿ ಅರೆದು ನೀರಲ್ಲಿ ಕಲಸಿ ಕುಡಿಯುವ ಕಾವಾ ಬೇರಿನ ಕಟ್ಟನ್ನೂ ನನ್ನ ಮುಂದಿಟ್ಟು, ಊರ ಮುಖ್ಯಸ್ಥನಿಗೆ ಹೇಳುವಂತೆ ಗೌರವದ ಮಾತಿನಲ್ಲಿ ಕೃತಜ್ಞತೆ ಹೇಳಿದರು. ಗಂಡುಮಕ್ಕಳು ಇಲ್ಲಿನ ಪದ್ಧತಿಯಂತೆ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಕೂಲಿ ಬಿಟ್ಟು ಇನ್ನೇನನ್ನೂ ಯಾರಿಂದಲೂ ಪಡೆದವನಲ್ಲ ನಾನು. ಚಾಪೆಯನ್ನು ಎರಡೂ ಕೈಯಿಂದ ಮುಟ್ಟಿದೆ.

“ಋಣ ನಂದು ಬುಬು. ನೀವು ಹೇಳ್ದೇ ಇದ್ದಿದ್ರೆ ನಾನು ಏನ್ ಕಟ್ಟಿದ್ದೆ ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ,” ಅಂದೆ.

“ಸಾಕು, ಕುಡಿ,” ಎಂದು ಕಾವಾ ತುಂಬಿದ ಕರಟ ಕೈಗಿತ್ತರು. ಸಕಿಯಾಸಿ ಬೂಟು ಕಳಚಿ ಚಾಪೆಯ ಮೇಲೆ ಜಾಗ ಮಾಡಿಕೊಂಡರು. ಸೊಸೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಮರಗೆಣಸು ಬಡಿಸಿದಳು. ಸಂಜೆಯವರೆಗೂ ಯಾರೂ ಏಳಲಿಲ್ಲ.