ಅಜ್ಜಿ ಒಡೆದ ಲೋಟಗಳು

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಏನಾದರೊಂದು ಬಿದ್ದ ಸದ್ದಿನಿಂದ. ಒಂದು ದಿನ ಗಾಜಿನ ಲೋಟ, ಒಂದು ದಿನ ಹಾಲಿನ ಪಾತ್ರೆ, ಇನ್ನೊಂದು ದಿನ ಕಿಟಕಿಯ ಮೇಲಿಟ್ಟ ಹೂವಿನ ಕುಂಡ. ಸದ್ದಿನ ಬೆನ್ನಿಗೇ ಅಜ್ಜಿಯ ದನಿ ಕೇಳುತ್ತಿತ್ತು.

“ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಬೀಳ. ಮತ್ತೆ ಜಾರಿಬಿಡ್ತು.”

ಮಗ ಬೀಗ ರಿಪೇರಿ ಮಾಡುವವನು. ಮುಂದಿನ ಕೋಣೆಯೇ ಅವನ ಅಂಗಡಿ. ನಡುಗೋಡೆಯ ಕಿಂಡಿಯಿಂದ ಅಡುಗೆಮನೆಗೆ ಇಣುಕಿ, “ಅಮ್ಮಾ, ಇನ್ಮೇಲೆ ನಿನಗೆ ಸ್ಟೀಲ್ ಲೋಟಾನೇ ಗತಿ” ಅನ್ನುತ್ತಿದ್ದ. ಎದುರುಮನೆಯ ದರ್ಜಿಯ ಹೆಂಡತಿ ಬಾಗಿಲಲ್ಲೇ ನಿಂತು, “ಏನಜ್ಜಿ, ಇವತ್ತು ಯಾವುದರ ಸರದಿ?” ಎಂದು ಕೇಳುವುದು, ಅಜ್ಜಿ ಗಾಜಿನ ಚೂರುಗಳನ್ನು ಮೊರಕ್ಕೆ ಬಳಿಯುತ್ತ ನಗುವುದು, ಇದೆಲ್ಲ ಬೀದಿಗೆ ರೂಢಿಯಾಗಿತ್ತು. ವಯಸ್ಸಾದವರ ಕೈ ನಡುಗುವುದು ಹೊಸದೇನಲ್ಲವಲ್ಲ.

ಆದರೆ ಓದುಗರೇ, ಅಜ್ಜಿಯ ಕೈ ನಡುಗುತ್ತಿರಲಿಲ್ಲ. ಅರವತ್ತೆಂಟರಲ್ಲೂ ಆಕೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಮನೆಯಲ್ಲಿ ಒಡೆದ ಲೋಟಗಳಲ್ಲಿ ಒಂದನ್ನೂ ಅವಳು ಒಡೆದವಳಲ್ಲ.

ಒಡೆಯುತ್ತಿದ್ದವಳು ಮೊಮ್ಮಗಳು. ಹತ್ತು ವರ್ಷದ ಹುಡುಗಿ. ಗಾತ್ರದಲ್ಲಿ ಚಿಕ್ಕವಳು, ಮಾತಿನಲ್ಲಿ ಚುರುಕು, ಹಾಗಾಗಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೆಣಸು ಎಂದು. ಲೋಟ ಹಿಡಿದುಕೊಂಡು ಏನೋ ಹೇಳುತ್ತಿದ್ದವಳು ನಡುವೆ ತಟ್ಟನೆ ನಿಂತುಬಿಡುತ್ತಿದ್ದಳು. ಕಣ್ಣು ಒಂದೇ ಕಡೆ ನೆಡುತ್ತಿತ್ತು, ತುಟಿಗಳು ಏನನ್ನೋ ಜಗಿಯುವಂತೆ ಅಲ್ಲಾಡುತ್ತಿದ್ದವು, ಬೆರಳು ಸಡಿಲವಾಗುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು, ಕೆಲವು ಸಲ ಹದಿನೈದು. ಆಮೇಲೆ “ಏನಜ್ಜಿ?” ಎಂದು ಏನೂ ಆಗದವಳ ಹಾಗೆ ಕೇಳುತ್ತಿದ್ದಳು. ಎರಡು ಮೂರು ತಿಂಗಳಿಗೊಮ್ಮೆ ದೊಡ್ಡದೂ ಬರುತ್ತಿತ್ತು. ಮೈ ಸೆಟೆದುಕೊಂಡು ಬೀಳುತ್ತಿದ್ದಳು, ಒದ್ದಾಡುತ್ತಿದ್ದಳು. ಆಗ ಅಜ್ಜಿ ಅವಳನ್ನು ಹಿಂದಿನ ಸಾಮಾನಿನ ಕೋಣೆಗೆ ಎಳೆದುಕೊಂಡು ಹೋಗಿ, ಚಿಲಕ ಹಾಕಿ, ಮಗುವಿನ ಮುಷ್ಟಿಯೊಳಗೆ ಕಬ್ಬಿಣದ ಬೀಗದ ಕೈ ಒತ್ತಿ ಹಿಡಿದು ಕೂರುತ್ತಿದ್ದಳು. ಕಬ್ಬಿಣ ಕೈಗೆ ಕೊಟ್ಟರೆ ಮೂರ್ಛೆ ಇಳಿಯುತ್ತದೆ ಎಂದು ಯಾರೋ ಎಂದೋ ಹೇಳಿದ್ದರು. ಮೂರ್ಛೆ ತಾನಾಗಿಯೇ ಇಳಿಯುತ್ತಿತ್ತು, ಹೆಸರು ಮಾತ್ರ ಕಬ್ಬಿಣಕ್ಕೆ ಬರುತ್ತಿತ್ತು.

ಮೊದಲ ಸಲ ಬಂದಾಗ ಮೆಣಸಿಗೆ ಆರು ವರ್ಷ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಸೊಸೆ ಆವತ್ತೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಿದ್ದಳು. ತಡೆದವನು ಮಗ.

“ಆಸ್ಪತ್ರೇಲಿ ಹೆಸರು ಬರೆಸ್ಬೇಕು. ಅಲ್ಲಿ ಸಾಲಲ್ಲಿ ಅರ್ಧ ಬೀದಿ ಕೂತಿರುತ್ತೆ. ಫಿಟ್ಸ್ ಅಂತ ಒಂದು ಸಲ ಬಾಯಿಂದ ಬಾಯಿಗೆ ಬಿದ್ರೆ ಮುಗೀತು. ನಾಳೆ ನನ್ನ ತಂಗೀನ ಯಾರು ಮಾಡ್ಕೋತಾರೆ? ಇವಳನ್ನ ಯಾರು ಮಾಡ್ಕೋತಾರೆ?”

“ರೀ, ಮಗು ಜೀವ ಕಣ್ರೀ” ಅಂದಿದ್ದಳು ಸೊಸೆ.

ಅಜ್ಜಿ ನಡುವೆ ಬಂದು ಮಗುವನ್ನು ತನ್ನ ತೋಳಿಗೆ ತೆಗೆದುಕೊಂಡಿದ್ದಳು. “ಬೆಳೆಯೋ ಮಕ್ಕಳಿಗೆ ಬರುತ್ತೆ, ಹೋಗುತ್ತೆ. ನಾನಿದೀನಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ. ನೀನು ಕೆಲಸಕ್ಕೆ ಹೋಗು ತಾಯಿ.”

ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ಸೊಸೆ ವಾರಕ್ಕೊಮ್ಮೆ ಕೇಳುವಳು, “ಅತ್ತೆ, ಮತ್ತೆ ಬಂತಾ?” ಅಜ್ಜಿ ಮುಖ ತಿರುಗಿಸದೆ, “ಎಲ್ಲಿ ಬಂತು? ಆವತ್ತೇ ಕೊನೆ” ಅನ್ನುವಳು. ಮೆಣಸಿಗೂ ಪಾಠ ಆಗಿತ್ತು. “ಯಾರ ಹತ್ರಾನೂ ಬಾಯಿ ಬಿಡಬಾರದು ಪುಟ್ಟ. ಅಮ್ಮನ ಹತ್ರಾನೂ.” ಮಗು ತಲೆಯಾಡಿಸುತ್ತಿತ್ತು. ಅಜ್ಜಿ ಹೇಳಿದ ಮೇಲೆ ಮುಗಿಯಿತು.

ಅಜ್ಜಿಯನ್ನು ಕಲ್ಲುಹೃದಯದವಳು ಎಂದುಕೊಳ್ಳಬೇಡಿ. ಅವಳಿಗೊಬ್ಬ ತಂಗಿ ಇದ್ದಳು. ಅದೇ ಕಾಯಿಲೆ. ಗೊತ್ತಾದದ್ದು ಎಲ್ಲರೆದುರಿಗೆ, ತುಂಬಿದ ಅಂಗಡಿಯಲ್ಲಿ. ಗೊತ್ತುಮಾಡಿದ್ದ ಮದುವೆ ಆ ವಾರವೇ ಮುರಿಯಿತು. ಅಲ್ಲಿಂದಾಚೆಗೆ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಹಿತ್ತಿಲ ಕೋಣೆ, ಬೇರೆ ತಟ್ಟೆ, ಬೇರೆ ಹಾಸಿಗೆ. ತಟ್ಟೆಯನ್ನು ಹೊಸಿಲಿನಾಚೆಯಿಂದ ಕಾಲಲ್ಲಿ ತಳ್ಳುತ್ತಿದ್ದರು. ಇಪ್ಪತ್ನಾಲ್ಕಕ್ಕೆ ಆ ಕೋಣೆಯಲ್ಲೇ ಒಬ್ಬಳೇ ಸತ್ತಳು. ತಂಗಿಯನ್ನು ಕೊಂದದ್ದು ಕಾಯಿಲೆಯಲ್ಲ, ಅದು ಜನಕ್ಕೆ ಗೊತ್ತಾದದ್ದು ಎಂದು ಅಜ್ಜಿ ತೀರ್ಮಾನಿಸಿಕೊಂಡಿದ್ದಳು. ಅಲ್ಲಿಗೆ ಅವಳ ಯೋಚನೆ ನಿಂತುಹೋಗಿತ್ತು. ಗೊತ್ತಾದ ಮೇಲೆ ಜನ ಮಾಡಿದ್ದು ತಪ್ಪು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೇಳುತ್ತಾರೆ?

ಆ ವರ್ಷ ಮೆಣಸಿನ ಶಾಲೆಗೆ ಐವತ್ತು ತುಂಬಿತು. ದೊಡ್ಡ ಸಮಾರಂಭ. ಹತ್ತು ಹುಡುಗಿಯರು ಸೇರಿ ವೇದಿಕೆಯ ಮೇಲೆ ಗೋಪುರ ಕಟ್ಟುವುದೆಂದಾಯಿತು. ಕೆಳಗೆ ಆರು ಜನ, ಅವರ ಭುಜದ ಮೇಲೆ ಮೂವರು, ತುದಿಯಲ್ಲಿ ಎಲ್ಲರಿಗಿಂತ ಹಗುರವಾದವಳು ಕಾಗದದ ದೀಪ ಹಿಡಿದು ನಿಲ್ಲಬೇಕು. ಹಗುರವಾದವಳು ಮೆಣಸು. ಮನೆಯಲ್ಲಿ ಆ ತಿಂಗಳು ಬೇರೆ ಮಾತೇ ಇಲ್ಲ. ಸೊಸೆ ಕಾರ್ಖಾನೆಯಿಂದ ಬಂದು ಹಳದಿ ಬಟ್ಟೆಯಲ್ಲಿ ಅಂಗಿ ಹೊಲಿದಳು. ಒಲೆಯ ಮೇಲಿಟ್ಟ ಬೇಳೆಯನ್ನು ಮರೆತು ಅಜ್ಜಿ ಆ ಅಂಗಿಗೆ ಗುಂಡಿ ಹಾಕುತ್ತ ಕೂತಳು. ಬೇಳೆ ಸೀದು, ಮನೆಯೆಲ್ಲ ಹೊಗೆ ಎದ್ದಿತು. ಅದೊಂದು ಮಾತ್ರ ನಿಜವಾಗಿ ಅವಳೇ ಮಾಡಿದ ಅನಾಹುತ. ಅಜ್ಜಿಯ ಕಿರಿಮಗಳನ್ನು ಮದುವೆಗೆ ಕೇಳಿದ್ದ ಗಡಿಯಾರದಂಗಡಿಯವರೂ ಸಮಾರಂಭ ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು.

ಸಮಾರಂಭಕ್ಕೆ ಒಂದು ವಾರ ಇರುವಾಗ ಡ್ರಿಲ್ ಟೀಚರ್ ಮನೆಗೆ ಬಂದಳು. ಮೂವತ್ತರ ಹೆಂಗಸು, ಒಡೆದ ಗಂಟಲು, ಕೈಯಲ್ಲೊಂದು ಕಾಗದ. ಮನೆಯಲ್ಲಿ ಅಜ್ಜಿ ಮತ್ತು ಮೆಣಸು ಇಬ್ಬರೇ.

“ತಪ್ಪು ತಿಳ್ಕೋಬೇಡಿ ಅಜ್ಜಿ. ಮೊನ್ನೆ ಪ್ರಾಕ್ಟೀಸಲ್ಲಿ ಇವಳು ನಿಂತಲ್ಲೇ ನಿಂತ್ಬಿಟ್ಲು. ಎರಡು ಸಲ ಕೂಗಿದೆ, ಕೇಳಿಸ್ಲಿಲ್ಲ. ಮನೇಲಿ ಯಾವತ್ತಾದ್ರೂ ಹೀಗಾಗಿದ್ಯಾ?”

“ನಿದ್ದೆ ಸಾಲ್ತಿಲ್ಲ ಟೀಚರ್. ಸಂತೋಷಕ್ಕೆ ಮಲಗೋದೇ ಇಲ್ಲ ಈಗ.”

“ಇರಬಹುದು.” ಟೀಚರ್ ಸ್ವಲ್ಪ ಹೊತ್ತು ಕಾಗದ ಮಡಿಸಿದಳು, ಬಿಚ್ಚಿದಳು. “ನಮ್ಮಣ್ಣಂಗೆ ಫಿಟ್ಸ್ ಇದೆ. ಮೊದಮೊದಲು ಹೀಗೇ ನೋಡ್ತಾ ಇದ್ದ. ದಿನಾ ಮಾತ್ರೆ ತಗೋತಾನೆ, ಈಗ ಒಂಬತ್ತು ವರ್ಷದಿಂದ ಒಂದು ಸಲಾನೂ ಬಂದಿಲ್ಲ. ಮದುವೆ ಆಗಿದೆ, ಇಬ್ಬರು ಮಕ್ಕಳು. ಅದು ಮೆದುಳಿಂದು ಅಷ್ಟೇ ಅಜ್ಜಿ, ಹೊಟ್ಟೆನೋವಿನ ಹಾಗೆ ಅದೂ ಒಂದು ಕಾಯಿಲೆ. ಮುಚ್ಚಿಟ್ಟಷ್ಟೂ ಜಾಸ್ತಿ ಆಗುತ್ತೆ. ಹಾಗೇನಾದ್ರೂ ಇದ್ರೆ ಹೇಳಿ, ಇವಳನ್ನ ಕೆಳಗಿನ ಸಾಲಿಗೆ ಹಾಕ್ತೀನಿ. ವೇದಿಕೆ ಮೇಲೆ ಇದ್ದೇ ಇರ್ತಾಳೆ.”

ಮೆಣಸು ಟೀಚರ್ ಮುಖ ನೋಡಲಿಲ್ಲ. ಅಜ್ಜಿಯ ಮುಖ ನೋಡಿದಳು.

ಅಜ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಳಗಿನ ಸಾಲಿಗೆ ಹಾಕಿದರೆ ಬೀದಿ ಯಾಕೆ ಎಂದು ಕೇಳುತ್ತದೆ. ಗಡಿಯಾರದಂಗಡಿಯವರು ಕೇಳುತ್ತಾರೆ. ಕೇಳಿದ ಮೇಲೆ ಮಗಳ ಮದುವೆ ಇಲ್ಲ, ಮೊಮ್ಮಗಳಿಗೆ ಹಿತ್ತಿಲ ಕೋಣೆ.

“ಏನೇನೋ ಹೇಳ್ಬೇಡಿ ಟೀಚರ್. ನನ್ನ ಮೊಮ್ಮಗಳು ಗುಂಡುಕಲ್ಲಿನ ಹಾಗಿದಾಳೆ.”

“ಹಗಲೆಲ್ಲ ಜೊತೇಲಿರೋರು ನೀವು. ನಿಮ್ಮ ಮಾತೇ ನನಗೆ ಆಧಾರ” ಎಂದು ಟೀಚರ್ ಕಾಗದ ಮುಂದಿಟ್ಟಳು. ಮಗುವಿಗೆ ಯಾವುದೇ ಕಾಯಿಲೆ ಇಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ, ನಡುಗದ ಕೈಯಲ್ಲಿ ಸಹಿ ಮಾಡಿದಳು.

ಆ ದಿನ ಬಂತು. ಸಭಾಂಗಣ ತುಂಬಿತ್ತು. ಸೊಸೆ ವೇದಿಕೆಯ ಹಿಂದೆ ಮಕ್ಕಳಿಗೆ ಬಟ್ಟೆ ತೊಡಿಸುತ್ತಿದ್ದಳು, ಮಗ ಬಾಗಿಲ ಹತ್ತಿರ ನಿಂತಿದ್ದ. ಅಜ್ಜಿಗೆ ಮೂರನೇ ಸಾಲು, ಪಕ್ಕದಲ್ಲಿ ಗಡಿಯಾರದಂಗಡಿಯಾಕೆ. ಡೋಲು ಬಾರಿಸಿದರು. ಆರು ಜನ ಕೂತರು, ಮೂವರು ಹತ್ತಿದರು, ಕೊನೆಗೆ ಹಳದಿ ಅಂಗಿಯ ಮೆಣಸು ಹತ್ತಿ, ಸಾವಕಾಶವಾಗಿ ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ದೀಪ ಎತ್ತಿದಳು. ಚಪ್ಪಾಳೆಯೋ ಚಪ್ಪಾಳೆ. ಅಜ್ಜಿಯನ್ನು ಹುಡುಕಿ ನಕ್ಕಳು.

ಆಮೇಲೆ ಆ ನಗು ಹಾಗೇ ನಿಂತಿತು. ಕಣ್ಣು ನೆಟ್ಟಿತು. ತುಟಿ ಜಗಿಯತೊಡಗಿತು.

ಅಷ್ಟು ಜನರಲ್ಲಿ ಅದೇನೆಂದು ಗೊತ್ತಿದ್ದವಳು ಅಜ್ಜಿ ಒಬ್ಬಳೇ. ಕುರ್ಚಿಯಿಂದ ಅರ್ಧ ಎದ್ದಳು. ಅವಳನ್ನ ಹಿಡ್ಕೊಳ್ಳಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಟೀಚರ್ ಗೋಪುರದಿಂದ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಳು.

“ಏನಾಯ್ತು?” ಎಂದಳು ಗಡಿಯಾರದಂಗಡಿಯಾಕೆ.

“ಏನಿಲ್ಲ, ಕಾಲು ಜೋಮು ಹಿಡೀತು” ಎಂದಳು ಅಜ್ಜಿ.

ಅಷ್ಟರಲ್ಲಿ ದೀಪ ಕೆಳಗೆ ಬಿತ್ತು. ಅದರ ಹಿಂದೆ ಮೆಣಸು. ಕೈ ಊರಲಿಲ್ಲ, ಕೂಗಲಿಲ್ಲ. ವೇದಿಕೆಯ ಅಂಚಿಗೆ ತಲೆ ಬಡಿಯಿತು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು.

ನಾಲ್ಕನೆಯ ದಿನ ಟೀಚರ್ ಮನೆಗೆ ಬಂದಳು. ಶಾಲೆಯವರು ಅವಳನ್ನು ಕೆಲಸದಿಂದ ಬಿಡಿಸಿದ್ದರು. ಮಾತಾಡಿಸಲು ಬಂದ ಬೀದಿಯವರೆಲ್ಲ ಅಂಗಡಿಯ ಕೋಣೆಯಲ್ಲೇ ಕೂತಿದ್ದರು. ಅವಳು ಹೊಸಿಲು ದಾಟುವ ಮೊದಲೇ ಮಗ ಎದ್ದ.

“ಯಾವ ಮುಖ ಇಟ್ಕೊಂಡು ಬಂದ್ರಿ? ಹೂವಿನಂಥ ಮಗೂನ ಅಷ್ಟೆತ್ತರ ಹತ್ತಿಸಿ ಕೊಂದ್ರಲ್ಲ. ನಿಮ್ಮನ್ನ ಜೈಲಿಗೆ ಹಾಕಿಸದೆ ಬಿಡಲ್ಲ ನಾನು.”

“ನನ್ನದೇ ತಪ್ಪು” ಎಂದಳು ಟೀಚರ್. “ನಾನು ಹತ್ತಿರ ನಿಲ್ಲಬೇಕಿತ್ತು.” ಅವಳು ಆ ಸಹಿಯ ಕಾಗದದ ಮಾತೆತ್ತಲಿಲ್ಲ. ಅಜ್ಜಿಯ ಕಡೆ ನೋಡಲೂ ಇಲ್ಲ. ಆ ಒಳ್ಳೆಯತನವನ್ನು ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ.

“ಅವಳನ್ನ ಬಿಡೋ. ಕೊಂದೋಳು ನಾನು” ಎಂದಳು. “ಮಗೂಗೆ ಫಿಟ್ಸ್ ಇತ್ತು. ನಾಲ್ಕು ವರ್ಷದಿಂದ ಬರ್ತಾನೇ ಇತ್ತು. ಟೀಚರ್ ಮನೆಗೆ ಬಂದು ಕೇಳಿದ್ರು, ಮಾತ್ರೆ ಇದೆ ಅಂದ್ರು. ನಾನು ಸುಳ್ಳು ಹೇಳಿ ಸಹಿ ಹಾಕ್ದೆ. ಅವತ್ತು ಮೇಲೆ ನಿಂತಾಗ ಬಂದಿದ್ದೂ ನನಗೆ ಕಾಣಿಸ್ತು. ಕೂಗಲಿಲ್ಲ.”

ಮಗ ಸುತ್ತ ನೋಡಿ, “ದುಃಖಕ್ಕೆ ಅಮ್ಮನ ತಲೆ ನಿಂತಿಲ್ಲ. ಯಾರೂ ಕಿವಿಗೆ ಹಾಕ್ಕೋಬೇಡಿ” ಎಂದ. ಆಮೇಲೆ ದನಿ ತಗ್ಗಿಸಿ, “ಅಮ್ಮಾ, ತಂಗಿ ಇದಾಳೆ ಒಳಗೆ. ಬಾಯಿ ಮುಚ್ಚು” ಎಂದ.

“ಮುಚ್ಚಿದ್ದು ಸಾಕು.”

ಸೊಸೆ ಒಳಗಿನಿಂದ ಬಂದು ಅತ್ತೆಯ ಎದುರು ನಿಂತಳು. ಅವಳು ಅಳುತ್ತಿರಲಿಲ್ಲ. “ವಾರವಾರ ಕೇಳ್ತಿದ್ನಲ್ಲ ಅತ್ತೆ. ಪ್ರತಿ ಸಲ ಇಲ್ಲ ಅಂದ್ರಲ್ಲ” ಅಂದಳು. ಸೊಸೆ ಆ ಸಂಜೆಯೇ ತವರಿಗೆ ಹೋದಳು, ಮತ್ತೆ ಬರಲಿಲ್ಲ. ಗಡಿಯಾರದಂಗಡಿಯವರು ಸುಮ್ಮನಾದರು. ಮಗ ತಾಯಿಯ ಜೊತೆ ಮಾತು ಬಿಟ್ಟ. ಕಿರಿಮಗಳು ತಟ್ಟೆ ತಂದು ಅಜ್ಜಿಯ ಮುಂದಿಟ್ಟು ಹೋಗುವಳು.

ಒಂದು ಬೆಳಗ್ಗೆ ಹಿತ್ತಿಲ ಬಾಗಿಲು ಮೆಲ್ಲಗೆ ಸದ್ದಾಯಿತು. ಎದುರುಮನೆಯ ದರ್ಜಿಯ ಹೆಂಡತಿ. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

“ಅಜ್ಜಿ, ನನಗೂ ಬರುತ್ತೆ” ಎಂದಳು. “ಮದುವೆಗೆ ಮುಂಚಿನಿಂದ. ಅಮ್ಮ ಹೇಳ್ಬೇಡ ಅಂದಿದ್ಳು. ಇವರಿಗೆ ಗೊತ್ತಿಲ್ಲ. ಮೊನ್ನೆ ಒಲೆ ಮುಂದೇನೇ ಬಂತು.” ತೋಳಿನ ಬಟ್ಟೆ ಸರಿಸಿ ತೋರಿಸಿದಳು. ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು. “ಮಾತ್ರೆ ಇದೆ ಅಂದ್ರಿ ಅವತ್ತು. ಯಾವ ಮಾತ್ರೆ ಅಜ್ಜಿ? ಎಲ್ಲಿ ಕೊಡ್ತಾರೆ?”

ಅಜ್ಜಿ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನನಗೆ ಗೊತ್ತಿಲ್ಲ ಕಣಮ್ಮ. ನಾಲ್ಕು ವರ್ಷದಲ್ಲಿ ಒಂದು ಸಲಾನೂ ನಾನು ಯಾರನ್ನೂ ಕೇಳಲಿಲ್ಲ.”