ಸಭೆಗೆ ಮುಂಚೆಯೇ ಬರೆದ ನಡಾವಳಿ

ಸಭೆ ಸೇರುವ ಮೊದಲೇ ನಡಾವಳಿ ಟೈಪ್ ಮಾಡಿಡುವುದು ಗುಮಾಸ್ತನಾದ ನನ್ನ ಹಳೆಯ ಚಾಳಿ. ಸೋಮಾರಿತನ ಅನ್ನಿ, ಅನುಭವ ಅನ್ನಿ. ಸರ್ಕಾರದ ಮೇಲಿನ ದೂರು ವಿಚಾರಿಸುವ ಆಯುಕ್ತರನ್ನು ನೇಮಿಸಲು ಆಡಳಿತ ಪಕ್ಷದ ನಾಯಕರೂ ವಿರೋಧ ಪಕ್ಷದ ನಾಯಕಿಯೂ ಕೂತು ಮಾತಾಡಿ ಸಹಿ ಹಾಕಬೇಕು, ಅದು ಕಾನೂನು. ಅವರಿಬ್ಬರೋ ಹಾವು ಮುಂಗುಸಿ. ಹಿಂದಿನ ಮೂರು ಸಭೆಯಲ್ಲೂ ಆದದ್ದು ಒಂದೇ: ನಾಯಕರು ಒಂದೇ ಹೆಸರು ತರುವುದು, ನಾಯಕಿ ಆಕ್ಷೇಪ ಬರೆದು ಎದ್ದುಹೋಗುವುದು. ನಾನು ದಿನಾಂಕ ಬದಲಿಸುತ್ತಿದ್ದೆ, ಅಷ್ಟೆ.

ಆಯುಕ್ತರ ಕುರ್ಚಿ ಖಾಲಿಯಾಗಿ ಎರಡು ವರ್ಷ. ನನ್ನ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಧಿ ಮುಗಿದ ಔಷಧಿ ಕೊಡುತ್ತಿದ್ದಾರೆ ಎಂದು ಬಾಯಿಬಿಟ್ಟದ್ದಕ್ಕೆ ಅಮಾನತಾದಳು. ಅವಳ ದೂರು ಆ ಖಾಲಿ ಕುರ್ಚಿಯೆದುರು ಕೊಳೆಯುತ್ತಿದೆ. ಆದರೂ ವಾರಕ್ಕೊಮ್ಮೆ ತನ್ನ ಸಮವಸ್ತ್ರ ಇಸ್ತ್ರಿ ಮಾಡುತ್ತಾಳೆ.

ನಾಲ್ಕನೇ ಸಭೆಯ ದಿನ ಕಾರ್ಯಸೂಚಿಯ ಜೊತೆ ನನ್ನ ನಡಾವಳಿಯೂ ನಾಯಕಿಯ ಕಡತಕ್ಕೆ ಸೇರಿಹೋಯಿತು. ಅವರು ಕನ್ನಡಕ ಏರಿಸಿ ಓದತೊಡಗಿದಾಗಲೇ ನನಗದು ಗೊತ್ತಾದದ್ದು.

"'ವಿರೋಧ ಪಕ್ಷದ ನಾಯಕಿ ಆಕ್ಷೇಪ ದಾಖಲಿಸಿ ಹೊರನಡೆದರು.' ಇದೇನ್ರೀ? ನಾನಿನ್ನೂ ನೀರು ಕುಡಿದಿಲ್ಲ, ಆಗ್ಲೇ ಹೊರಗೆ ಕಳಿಸಿಬಿಟ್ರಾ?"

ನಾಯಕರು ಕಿಸಕ್ಕನೆ ನಕ್ಕರು.

"ನಗಬೇಡಿ, ನಿಮ್ದೂ ಇದೆ. 'ನಾಯಕರು ಒಂದೇ ಹೆಸರು ಸೂಚಿಸಿ, ಚರ್ಚೆಗೆ ಅವಕಾಶವಿಲ್ಲ ಎಂದರು.'"

ನಗು ಅಲ್ಲೇ ನಿಂತಿತು. ಅವರ ಜೇಬಿನಲ್ಲಿ ಒಂದೇ ಹೆಸರಿನ ಚೀಟಿ ಇದೆಯೆಂದು ಮೂವರಿಗೂ ಗೊತ್ತಿತ್ತು.

"ಯಾರು ಬರೆದಿದ್ದು ಇದನ್ನ?" ಎಂದು ನಾಯಕರು ನನ್ನತ್ತ ತಿರುಗಿದರು. ನನ್ನ ಕೆಲಸವೂ ಹೋಯಿತು, ಇನ್ನು ಮನೆಯಲ್ಲಿ ಇಬ್ಬರು ಅಮಾನತು ಅಂದುಕೊಂಡೆ.

"ನಾನೇ ಸಾರ್. ಪ್ರತಿ ಸಲ ಹೀಗೇ ಆಗುತ್ತಲ್ಲಾ ಅಂತ ಮೊದ್ಲೇ..."

ನಾಯಕಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ನಾನಂತೂ ಇವತ್ತು ಏಳೋದಿಲ್ಲ. ಈ ಕಾಗದ ಸುಳ್ಳಾಗ್ಲೇಬೇಕು. ನೀವೇನಂತೀರಿ?"

ನಾಯಕರು ಚೀಟಿ ತೆಗೆದು ಹರಿದರು. "ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ, ಹೇಳಿ." ಎರಡು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

ಮೂರು ಗಂಟೆ ಕಿತ್ತಾಡಿದರು. ಏಳು ಹೆಸರು ಬಂದವು, ಹೋದವು. ಕೊನೆಗೆ ಉಳಿದದ್ದು ಒಬ್ಬ ನಿವೃತ್ತ ನ್ಯಾಯಾಧೀಶೆ.

"ನಮ್ಮ ಸರ್ಕಾರಕ್ಕೆ ಅವರು ಛೀಮಾರಿ ಹಾಕಿದ್ರು," ಎಂದು ನಾಯಕರು ಗೊಣಗಿದರು.

"ನಾವು ಅಧಿಕಾರದಲ್ಲಿದ್ದಾಗ ನಮಗೂ ಹಾಕಿದ್ರು. ಇನ್ನೇನು ಬೇಕು?"

ಸಹಿಗೆ ಹೊಸ ನಡಾವಳಿ ಬೇಕಾಯಿತು. ಹಳೆಯದರಲ್ಲಿ ದಿನಾಂಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ. ಟೈಪ್ ಮಾಡುವಾಗ ನಾಚಿಕೆಯಾಯಿತು. ಅವರಿಬ್ಬರಿಗಿಂತ ಮೊದಲು ಆಸೆ ಬಿಟ್ಟವನು ನಾನು.

ಸಂಜೆ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. "ಏನಾದ್ರೂ ಆಯ್ತೇನೋ?" ದಿನಾ ಕೇಳುವುದೇ.

"ಆಯ್ತಕ್ಕ. ನಿನ್ನ ದೂರು ಓದೋರು ಬರ್ತಿದ್ದಾರೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ತೀರ್ಪು ನನ್ನ ಕಡೆಗೇ ಆಗುತ್ತೇನೋ?"

"ಗೊತ್ತಿಲ್ಲಕ್ಕ. ಮೊದ್ಲೇ ಬರೆದಿಡೋದನ್ನ ಇವತ್ತಿಂದ ಬಿಟ್ಟಿದ್ದೀನಿ."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಕಣ್ಣೊರೆಸಿಕೊಂಡು ಸಮವಸ್ತ್ರದ ಇನ್ನೊಂದು ತೋಳನ್ನು ಇಸ್ತ್ರಿಗೆ ಹರವಿದಳು.