ನಲವತ್ತೊಂದು ಜನರ ಊರು

ನಮ್ಮ ದ್ವೀಪದಲ್ಲಿ ನಲವತ್ತೊಂದು ಜನ ಇದ್ದೇವಂತೆ. ಆಚೆ ದಡದ ಕಚೇರಿಯಿಂದ ಬಂದ ಕಾಗದದಲ್ಲಿ ಹಾಗೆ ಬರೆದಿತ್ತು. ಮೇಷ್ಟ್ರು ಅದನ್ನು ಶಾಲೆಯ ಕೋಣೆಯಲ್ಲಿ ಓದಿ ಹೇಳುವಾಗ, ಕಿಟಕಿಗೆ ಜೋತುಬಿದ್ದ ಮಕ್ಕಳನ್ನು ಬಿಟ್ಟೇ ಅರವತ್ತು ಜನ ಅಲ್ಲಿ ಕೂತಿದ್ದೆವು. ನಾನು ಈ ಊರಿನ ಸೂಲಗಿತ್ತಿಯಾಗಿದ್ದವಳು. ಯಾವ ಮನೆಯಲ್ಲಿ ಎಷ್ಟು ತಲೆ ಅನ್ನುವುದು ನನಗೆ ಬಾಯಿಪಾಠ. ಒಟ್ಟು ನೂರ ಹನ್ನೆರಡು.

"ಉಳಿದವರೇನು ದೆವ್ವಗಳಾ?" ಅಂದೆ. ನಾಲ್ಕು ಜನ ನಕ್ಕರು. ನನಗೆ ನಗು ಬರಲಿಲ್ಲ.

ಕಾಗದ ಇನ್ನೂ ಇತ್ತು. ನೂರು ಜನ ಇಲ್ಲದ್ದು ಊರಲ್ಲವಂತೆ, ಬರೀ ನೆಲೆಯಂತೆ. ನೆಲೆಗೆ ದಿನಾ ಲಾಂಚ್ ಬೇಕಿಲ್ಲ. ಮುಂದಿನ ಒಂದನೇ ತಾರೀಕಿನಿಂದ ವಾರಕ್ಕೆ ಒಂದೇ ಸಲ, ಸೋಮವಾರ. ನನ್ನ ಸೊಸೆಗೆ ಅದೇ ತಿಂಗಳ ಹನ್ನೆರಡನೇ ತಾರೀಕಿನ ಆಸುಪಾಸು ದಿನ ತುಂಬುತ್ತದೆ. ಸೋಮವಾರವೇ ಬಾ ಅಂತ ಹೊಟ್ಟೆಯೊಳಗಿನ ಕೂಸಿಗೆ ಹೇಳಿಕೊಡುವವರು ಯಾರು?

ಮಾರನೇ ದಿನ ಮೊದಲ ಲಾಂಚಿಗೇ ಕಚೇರಿಗೆ ಹೋದೆ. ಸಾಹೇಬ ಫ್ಯಾನಿನ ಕೆಳಗೆ ಕೂತು ಸಮಾಧಾನವಾಗಿ ಹೇಳಿದ.

"ಅಮ್ಮಾ, ಇದು ಲೆಕ್ಕ. ಹಳೇ ಜನಸಂಖ್ಯೆಗೆ ಹುಟ್ಟಿದವರನ್ನ ಕೂಡಿಸ್ತೀವಿ, ಸತ್ತವರನ್ನ ಕಳೀತೀವಿ. ನಿಮ್ಮಲ್ಲಿ ಸಾಯೋರು ಸಾಯ್ತಾನೇ ಇದಾರೆ. ಹುಟ್ಟು ಮಾತ್ರ ನಲವತ್ತು ವರ್ಷದಿಂದ ಸೊನ್ನೆ."

"ಹುಟ್ಟೋಕೆ ನೀವು ಬಿಟ್ರೆ ತಾನೇ? ಹೆರಿಗೆ ಎಲ್ಲಾ ಇಲ್ಲಿನ ಆಸ್ಪತ್ರೆಯಲ್ಲೇ ಆಗ್ಬೇಕು ಅಂತ ಆರ್ಡರ್ ಮಾಡಿದ್ದು ಇದೇ ಕಚೇರಿ."

"ಅದಕ್ಕೇ ಅವರೆಲ್ಲ ಇಲ್ಲಿನ ಲೆಕ್ಕಕ್ಕೆ ಸೇರ್ತಾರೆ."

"ಒಂದ್ಸಲ ಬಂದು ಎಣಿಸಿ ನೋಡಿ. ಮುಕ್ಕಾಲು ಗಂಟೆ ದಾರಿ."

"ಹಾಗೆ ಬರೋಕೆ ನಿಯಮದಲ್ಲಿ ಅವಕಾಶ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಅವನೊಂದು ಕಟ್ಟು ಫಾರಂ ತೆಗೆದು ಮೇಜಿನ ಮೇಲಿಟ್ಟ. ಲೆಕ್ಕಕ್ಕೆ ಸೇರದ ಎಪ್ಪತ್ತೊಂದು ಜನವೂ 'ನಾನು ಹೊರಗಿನಿಂದ ವಲಸೆ ಬಂದು ಈ ದ್ವೀಪದಲ್ಲಿ ನೆಲೆಸಿದ್ದೇನೆ' ಅಂತ ಬರೆದು ಸಹಿ ಹಾಕಬೇಕು. ಸಹಿ ಬಾರದವರು ಸ್ವಂತ ಹೆಬ್ಬೆಟ್ಟು ಒತ್ತಬೇಕು. ತಿಂಗಳ ಕೊನೆಯೊಳಗೆ.

ಹೊರಡುವಾಗ 'ದ್ವೀಪದ ಇತಿಹಾಸ' ಅನ್ನುವ ತೆಳ್ಳನೆಯ ಪುಸ್ತಕವನ್ನೂ ಕೊಟ್ಟ. ಮೊದಲು ಬಂದು ಮನೆ ಕಟ್ಟಿದವರು ಯಾರು, ಅವರು ಎಷ್ಟು ಕಲ್ಲು ಹೊತ್ತರು ಅಂತ ಆರು ಪುಟ. ಕೊನೆಯಲ್ಲಿ 'ಲಾಂಚ್ ಸೇವೆ ಆರಂಭ' ಅಂತ ಒಂದು ಸಾಲು. ಆ ಲಾಂಚ್ ಯಾಕೆ ಬಂತು ಅಂತ ನನ್ನನ್ನು ಕೇಳಬೇಕಿತ್ತು. ನಮ್ಮಕ್ಕ ಎರಡು ದಿನ ಬೇನೆ ತಿಂದು ನನ್ನ ಕೈಮೇಲೇ ಜೀವ ಬಿಟ್ಟಳು. ಗಾಳಿಗೆ ಸಣ್ಣ ದೋಣಿ ನೀರಿಗಿಳಿಸಲು ಆಗಲಿಲ್ಲ. ಅವಳ ಗಂಡ ಕಚೇರಿಯ ಮೆಟ್ಟಿಲ ಮೇಲೆ ಒಂಬತ್ತು ದಿನ ಕೂತ ಮೇಲೆ ಲಾಂಚ್ ಬಂತು. ಅದರ ಹಿಂದೆಯೇ ಆ ಆರ್ಡರೂ ಬಂತು.

ಭಾನುವಾರ ಶಾಲೆಯಲ್ಲಿ ಫಾರಂ ಹಂಚಿದೆವು. ನಮ್ಮ ಊರ ಸಮಿತಿಯ ಅಧ್ಯಕ್ಷ ಮುಟ್ಟಲಿಲ್ಲ. ಮೂವತ್ತೊಂಬತ್ತು ವರ್ಷದವನು, ಮೊದಲ ಮನೆ ಕಟ್ಟಿದವನ ಮರಿಮಗ. ಅವನ ಮನೆತನದವರದ್ದೇ ಮೂವತ್ತು ಫಾರಂ. ಅವನು ಬರೆಯದಿದ್ದರೆ ಅವರ್ಯಾರೂ ಬರೆಯುವುದಿಲ್ಲ, ಅವರು ಬರೆಯದಿದ್ದರೆ ನೂರು ಆಗುವುದಿಲ್ಲ.

"ನಾನು ವಲಸೆ ಬಂದವನಾ? ಈ ನೆಲಕ್ಕೆ ಮೊದಲು ಕಾಲಿಟ್ಟ ಮನೆತನ ನಮ್ಮದು. ನಾನು ಹುಟ್ಟಿದ್ದು ಮೊದಲ ಮನೆಯಲ್ಲಿ. ಕಚೇರಿಯವರು ದಾಖಲೆ ಕಳ್ಕೊಂಡ್ರೆ ನಾನು ಪರದೇಶಿ ಆಗ್ತೀನಾ?"

"ನಿಮ್ಮ ಮುತ್ತಾತ ಏನು ಇಲ್ಲೇ ಅಣಬೆ ಥರ ಎದ್ದು ಬಂದನಾ? ಅವನೂ ದೋಣಿಯಲ್ಲೇ ಬಂದಿದ್ದು," ಅಂದೆ.

"ಸುಮ್ನಿರು ದೊಡ್ಡಮ್ಮ. ಬೇರೆ ದಾರಿ ಇದೆ. ಒಂದು ಹೆರಿಗೆ ಇಲ್ಲೇ ಆಗ್ಲಿ. ರಿಜಿಸ್ಟರಿನಲ್ಲಿ ಹುಟ್ಟು ಅಂತ ಒಂದು ಬಿತ್ತು ಅಂದ್ರೆ ಅವರ ಸೊನ್ನೆ ಸುಳ್ಳಾಯ್ತು, ಮಿಕ್ಕಿದ್ದನ್ನ ಜಗಳ ಆಡಿ ತಗೋಬಹುದು. ಹೇಗೂ ನಿನ್ನ ಸೊಸೆಗೆ ದಿನ ತುಂಬ್ತಾ ಬಂದಿದೆ. ನೀನೇ ಇದ್ದೀಯಲ್ಲ, ಭಯ ಏನು?"

ಕೆಲವರು ಹೌದು ಹೌದು ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗೋಡೆಗೆ ಒರಗಿ ಕೂತಿದ್ದ ನನ್ನ ಸೊಸೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಕಚೇರಿಯವನ ಮೇಲೆ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ.

"ನಿನ್ನ ಮೀಸೆ ಮಣ್ಣಾಗಬಾರದು ಅಂತ ನನ್ನ ಸೊಸೆ ಸಾಯ್ಬೇಕಾ? ಭಯ ಏನು ಅಂತ ಕೇಳಿದೆಯಲ್ಲ. ನಮ್ಮಕ್ಕ ಹೋಗಿದ್ದೂ ನಾನು ಇದ್ದಾಗಲೇ ಕಣೋ!"

ಇನ್ನೊಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಊರಿನ ಹಿರಿಯರಿಗೆಲ್ಲ ಗೊತ್ತಿದ್ದು, ಅವನಿಗೊಬ್ಬನಿಗೆ ಗೊತ್ತಿಲ್ಲದ ಮಾತು. ಅವನ ಅಪ್ಪ ಆಣೆ ಹಾಕಿಸಿಕೊಂಡಿದ್ದರಿಂದ ನಾನು ಹಲ್ಲುಕಚ್ಚಿ ಅವನ ತಾಯಿಯ ಕಡೆ ನೋಡಿದೆ.

ಆ ಮುದುಕಿ ಬೆಂಚಿನಿಂದ ನಿಧಾನವಾಗಿ ಎದ್ದಳು.

"ಬರಿಯೋ," ಅಂದಳು. "ನೀನು ಮೊದಲ ಮನೆಯಲ್ಲಿ ಹುಟ್ಟಿದವನಲ್ಲ. ನೀರಿನ ಮಧ್ಯೆ, ಲಾಂಚಿನಲ್ಲಿ, ಮೀನಿನ ಬುಟ್ಟಿಗಳ ಪಕ್ಕ ಹುಟ್ಟಿದವನು. ಹೊಕ್ಕಳ ಬಳ್ಳಿ ಕತ್ತರಿಸಿದ್ದು ಇವಳೇ. ಆವತ್ತು ನನಗೆ ರಕ್ತ ನಿಲ್ಲಲಿಲ್ಲ. ಆ ಲಾಂಚ್ ಆಸ್ಪತ್ರೆ ಮುಟ್ಟದೇ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ. ಮರ್ಯಾದೆ ಅಂತ ನಿಮ್ಮಪ್ಪ ಸುಳ್ಳು ಹೇಳಿಟ್ಟ. ನಾನೂ ಸುಮ್ನಿದ್ದೆ. ಈಗ ಬರಿ."

ಅಧ್ಯಕ್ಷ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ. ಯಾರೂ ನಗಲಿಲ್ಲ. ಪೆನ್ನಿಗಾಗಿ ಕೈ ಚಾಚಿದ. ಅವನ ಹಿಂದೆ ಅವನ ಚಿಕ್ಕಪ್ಪನ ಮಕ್ಕಳು, ಅವರ ಹೆಂಡಿರು, ಮಕ್ಕಳು ಸಾಲಾಗಿ ನಿಂತರು. ಹುಟ್ಟಿದಾಗಿನಿಂದ ಇಲ್ಲೇ ಬೆಳೆದ ಮಕ್ಕಳು ತಾವು ಹೊರಗಿನವರು ಅಂತ ದುಂಡಗೆ ಬರೆದುಕೊಟ್ಟವು.

ಲಾಂಚ್ ಉಳಿಯಿತು. ಹನ್ನೊಂದನೇ ತಾರೀಕು ಸೊಸೆ ಅದೇ ಲಾಂಚ್ ಹತ್ತಿದಳು. ಹೆಣ್ಣು ಮಗು. ಹೆರಿಗೆ ಕಷ್ಟವಾಯಿತು, ಕೊನೆಗೆ ಹೊಟ್ಟೆ ಕೊಯ್ದು ತೆಗೆದರು. ನನ್ನ ಕೈಯಲ್ಲಿ ಆಗುವ ಕೆಲಸವೇ ಆಗಿರಲಿಲ್ಲ ಅದು.

ಎಂಟನೇ ದಿನ ತಾಯಿ ಮಗು ಮನೆಗೆ ಬಂದರು. ಮೇಷ್ಟ್ರು ಅದೇ ವಲಸೆ ಫಾರಂ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹಿಂದಿನ ವಾಸ, ಆಸ್ಪತ್ರೆ, ಎಂಟು ದಿನ. ಉದ್ಯೋಗ, ಇಲ್ಲ. ಉಳಿದಿದ್ದು ಹೆಬ್ಬೆಟ್ಟು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬಿಗಿಹಿಡಿದ ಮುಷ್ಟಿಯನ್ನು ಬಿಡಿಸಿ, ಹೆಸರುಕಾಳಿನಷ್ಟಿದ್ದ ಆ ಬೆರಳಿನ ತುದಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದೆ. ಅದು ಮುಖ ಕೆಂಪಗೆ ಮಾಡಿಕೊಂಡು ಕಿಟಾರನೆ ಕಿರುಚಿತು.

"ಅಯ್ಯೋ, ಸಮಾಧಾನ ಮಾಡಿ ಅತ್ತೆ," ಅಂದಳು ಸೊಸೆ.

"ಬೇಡ," ಅಂದೆ. "ಕೂಗಲಿ. ಕೂಗು ನನ್ನ ಕಂದಾ, ಆಚೆ ದಡಕ್ಕೆ ಕೇಳೋ ಹಾಗೆ ಕೂಗು."